ಸೂಜಿಯಕ್ಕನ ಒದ್ದೆ ಬಟ್ಟೆ

ಆ ಶೆಡ್ಡಿನಲ್ಲಿ ಅವಳಿಗೆ ಸೂಜಿಯಕ್ಕ ಎಂಬ ಹೆಸರು ಬಿದ್ದದ್ದು ಅವಳ ಕೈಯಿಂದ ವೆಲ್ಡಿಂಗ್ ಟಾರ್ಚ್ ಕಿತ್ತುಕೊಂಡ ಮೇಲೆ. ಅದಕ್ಕೂ ಮೊದಲು ಎಲ್ಲರ ಬಾಯಲ್ಲೂ ಅವಳು ಬರೀ ಅಕ್ಕ.

ಹಾಲಿನ ಡೈರಿಗಳಿಗೆ ಸ್ಟೀಲ್ ಟ್ಯಾಂಕ್ ಮಾಡಿಕೊಡುವ ಶೆಡ್ಡು ಅದು. ಅಲ್ಲಿ ನಡೆಯುವುದು ಆರ್ಗಾನ್ ವೆಲ್ಡಿಂಗ್. ಟಾರ್ಚಿನ ತುದಿಯಲ್ಲಿ ಪೆನ್ಸಿಲ್ ಸೀಸದಷ್ಟು ತೆಳ್ಳಗಿನ ಒಂದು ಕಡ್ಡಿ ಇರುತ್ತದೆ. ಕಿಡಿ ಹುಟ್ಟುವುದು ಅದರ ಮೊನೆಯಲ್ಲಿ. ಮೊನೆ ಚೂಪಾಗಿದ್ದರೆ ಬೆಂಕಿ ಹೇಳಿದ ಜಾಗದಲ್ಲಿ ನಿಲ್ಲುತ್ತದೆ, ಮೊಂಡಾದರೆ ಕುಡಿದವನ ಹಾಗೆ ಅತ್ತಿತ್ತ ಓಲಾಡುತ್ತದೆ. ಶೆಡ್ಡಿನವರು ಆ ಕಡ್ಡಿಯನ್ನು ಸೂಜಿ ಎನ್ನುತ್ತಾರೆ. ಯಾವುದು ಯಾವ ಜಾತಿಯದೆಂದು ತಿಳಿಯಲು ಅದರ ಒಂದು ತುದಿಗೆ ಬಣ್ಣ ಬಳಿದಿರುತ್ತದೆ. ಇವರು ತರಿಸುತ್ತಿದ್ದದ್ದು ಕೆಂಪು ತಲೆಯದು.

ಅಕ್ಕ ಎಡಗೈಯವಳು. ಸಣ್ಣವಳಿದ್ದಾಗ ಎಡಗೈಯಲ್ಲಿ ಬರೆದದ್ದಕ್ಕೆ ಏಟು ತಿಂದಿದ್ದಳು. ದೊಡ್ಡವಳಾದ ಮೇಲೆ ಅದೇ ಕೈಯಲ್ಲಿ ಟಾರ್ಚ್ ಹಿಡಿದು ಅನ್ನ ಸಂಪಾದಿಸಿದಳು. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರು. ಇದ್ದ ಒಬ್ಬ ತಂಗಿಯನ್ನು ಓದಿಸಿದ್ದು, ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಸಿದ್ದು, ಮದುವೆ ಮಾಡಿದ್ದು ಎಲ್ಲ ಅವಳೇ. ನೀನ್ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, “ಯಾವಾಗ್ಲೂ ಹೆಲ್ಮೆಟ್ ಹಾಕ್ಕೊಂಡೇ ಇದ್ದೆ. ಬಂದವರಿಗೆ ಮುಖ ಕಾಣ್ಲಿಲ್ಲ” ಎಂದು ನಗುತ್ತಿದ್ದಳು.

ತಂಗಿಯ ಗಂಡನಿಗೆ ಮದುವೆಯ ಹೊತ್ತಿಗೆ ನೆಟ್ಟಗೆ ಒಂದು ಕೆಲಸವಿರಲಿಲ್ಲ. ಅಕ್ಕನೇ ಅವನನ್ನು ಶೆಡ್ಡಿಗೆ ಕರೆತಂದಳು. ಮಣಿಕಟ್ಟು ಹಿಡಿದು ಟಾರ್ಚ್ ಆಡಿಸಲು ಕಲಿಸಿದಳು. ಅವನ ಕೈ ಸುಮಾರು, ಗಂಟಲು ಮಾತ್ರ ಜೋರು. ಶೆಡ್ಡಿನ ಯಜಮಾನರಿಗೆ ಗಂಟಲಿನವನು ಬೇಕಾಗಿತ್ತು. ಹಳೆಯ ಮೇಸ್ತ್ರಿ ಬಿಟ್ಟು ಹೋದಾಗ ಇವನೇ ಮೇಸ್ತ್ರಿಯಾದ. ಮನೆಯಲ್ಲಿ ಅವನು ಅವಳನ್ನು “ಅತ್ತಿಗೆ” ಎನ್ನುತ್ತಿದ್ದ. ಶೆಡ್ಡಿನಲ್ಲಿ ಬರಬರುತ್ತಾ ಏನೂ ಅನ್ನದೆ, ಚಿಟಿಕೆ ಹೊಡೆದು ಕರೆಯತೊಡಗಿದ.

ಆಮೇಲೆ ಆ ಟ್ಯಾಂಕ್ ವಾಪಸು ಬಂತು.

ದೊಡ್ಡ ಟ್ಯಾಂಕ್. ತಳದ ಬೆಸುಗೆಯಲ್ಲಿ ಸಾಸಿವೆಯಷ್ಟು ತೂತು. ಸೋರಿದ ಹಾಲು ಟ್ಯಾಂಕಿನ ಎರಡು ಗೋಡೆಗಳ ನಡುವಿನ ಹೊದಿಕೆಗೆ ಇಳಿದು, ಹುಳಿತು, ನಾತ ಹೊಡೆದು, ಕೊಂಡವರು ಲಾರಿಯಲ್ಲಿ ಹೇರಿ ಕಳಿಸಿಬಿಟ್ಟಿದ್ದರು. ಪ್ರತಿ ವೆಲ್ಡರ್ ತಾನು ಮಾಡಿದ ಬೆಸುಗೆಯ ಪಕ್ಕದಲ್ಲಿ ತನ್ನ ನಂಬರನ್ನು ಉಕ್ಕಿನ ಅಚ್ಚಿನಿಂದ ಹೊಡೆಯುವುದು ಅಲ್ಲಿನ ಪದ್ಧತಿ. ಯಜಮಾನರು ಬಗ್ಗಿ ನೋಡಿದರು. ತೂತಿನ ಪಕ್ಕದಲ್ಲಿದ್ದದ್ದು ಹದಿನಾಲ್ಕು. ಹದಿನಾಲ್ಕು ಅಂದರೆ ಅಕ್ಕ.

ಅಕ್ಕನೂ ಬಗ್ಗಿ ನೋಡಿದಳು. ಬೆಸುಗೆಯ ಮೇಲೆ ಸಣ್ಣ ಸಣ್ಣ ಅಲೆಗಳಿರುತ್ತವೆ. ಟಾರ್ಚ್ ಸಾಗಿದ ದಿಕ್ಕನ್ನು ಅವು ಹೇಳುತ್ತವೆ. ಈ ಅಲೆಗಳು ಬಲದಿಂದ ಎಡಕ್ಕೆ ಸಾಗಿದ್ದವು. ಅವಳ ಎಡಗೈಯ ಅಲೆಗಳು ಸಾಗುವುದು ಎಡದಿಂದ ಬಲಕ್ಕೆ.

“ಇದು ನನ್ನ ಕೈಯಲ್ಲ. ಅಲೆ ನೋಡಿ ಯಜಮಾನ್ರೇ. ಯಾರೋ ತಮ್ಮ ಕೆಲಸಕ್ಕೆ ನನ್ನ ನಂಬರ್ ಹೊಡೆದಿದ್ದಾರೆ.”

ಯಾರೋ ಅಂದದ್ದೇ ತಡ, ಮೇಸ್ತ್ರಿ ಮುಂದೆ ಬಂದ. “ಅಲೆ ನೋಡಿ ಕೈ ಹೇಳೋಕೆ ಇದೇನು ಶಾಸ್ತ್ರ ಹೇಳೋ ಅಂಗಡಿನಾ? ವಯಸ್ಸಾಯ್ತು ಯಜಮಾನ್ರೇ, ಕೈ ನಡುಗುತ್ತೆ. ನಾನು ನೋಡ್ತಾನೇ ಇದ್ದೆ. ಮನೆಯವ್ರು ಅಂತ ಬಾಯಿ ಮುಚ್ಕೊಂಡಿದ್ದೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಅಲ್ಲಿದ್ದ ಎಲ್ಲರಿಗೂ ನೆನಪಾಯಿತು. ಆ ವಾರ ತಳದ ಬೆಸುಗೆಗೆ ಕುಳಿತವನು ಯಾರೆಂದೂ ಎಲ್ಲರಿಗೂ ಗೊತ್ತಿತ್ತು. ಆದರೆ ಹಾಜರಿ ಹಾಕುವವನು ಮೇಸ್ತ್ರಿ, ಓವರ್‌ಟೈಮ್ ಕೊಡುವವನು ಮೇಸ್ತ್ರಿ. ಒಬ್ಬೊಬ್ಬರೂ ತಮ್ಮ ಕೈಗವಸಿನ ಹೊಲಿಗೆ ನೋಡುತ್ತಾ ನಿಂತರು.

ಮರುದಿನದಿಂದ ಅಕ್ಕನಿಗೆ ಟಾರ್ಚ್ ಇಲ್ಲ. ಮೂಲೆಯ ಗ್ರೈಂಡರಿನ ಮುಂದೆ ಒಂದು ಸ್ಟೂಲು. ಎಲ್ಲರ ಸೂಜಿಗೂ ಮೊನೆ ಮಾಡಿಕೊಡುವುದು ಅವಳ ಕೆಲಸ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

“ಸೂಜಿ ಹಿಡಿಯೋದು ಹೆಂಗಸರಿಗೆ ಒಗ್ಗಿದ ಕೆಲಸ, ಅಲ್ವಾ ಸೂಜಿಯಕ್ಕ?” ಎಂದ ಮೇಸ್ತ್ರಿ. ನಾಲ್ಕು ಜನ ನಕ್ಕರು. ನಕ್ಕ ನಾಲ್ವರ ಮುಖವನ್ನೂ ಅವಳು ಮನಸ್ಸಿನಲ್ಲಿಟ್ಟುಕೊಂಡಳು. ಐದನೆಯ ಮುಖವನ್ನು ಎಲ್ಲಕ್ಕಿಂತ ಮುಂದೆ ಇಟ್ಟುಕೊಂಡಳು.

ತಂಗಿಗೆ ಅವಳು ಏನನ್ನೂ ಹೇಳಲಿಲ್ಲ. “ಕಣ್ಣಿಗೆ ಸುಸ್ತು, ಅದಕ್ಕೆ ಬೇರೆ ಕೆಲಸ ಕೇಳ್ಕೊಂಡೆ” ಎಂದಳು. ಒಳಗೆ ಮಾತ್ರ ಕೆಂಡ ಆರಲಿಲ್ಲ. ಸೂಜಿಯನ್ನು ಕಲ್ಲಿಗೆ ಒತ್ತಿದಾಗಲೆಲ್ಲ ಅದು ಒಬ್ಬನ ಮೂಗು ಎಂದುಕೊಂಡು ಒತ್ತುತ್ತಿದ್ದಳು. ಮೊನೆ ಬಹಳ ಚೆನ್ನಾಗಿ ಬರುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಕ್ಷಮೆ ಕೇಳುವ ಮಾತಲ್ಲ. ತನ್ನ ಟಾರ್ಚ್ ವಾಪಸು ಬರಬೇಕು, ಆ ತೂತು ಯಾರದೋ ಅವರ ಹೆಸರಿಗೆ ಹೋಗಬೇಕು, ಅದನ್ನು ಇಡೀ ಶೆಡ್ಡು ನೋಡಬೇಕು. ಅಷ್ಟೇ.

ಸಂಜೆ ಗಂಟೆ ಹೊಡೆದಾಗ ಆ ಶೆಡ್ಡಿನಲ್ಲಿ ಒಂದು ರೂಢಿಯಿತ್ತು. ಗಾಳಿ ಪೈಪು ಹಿಡಿದು ಎಲ್ಲವನ್ನೂ ಊದುವುದು. ಮೇಜು ಊದು, ಮಷಿನು ಊದು, ಬಟ್ಟೆ ಊದು, ಕೊನೆಗೆ ಒಬ್ಬರ ತಲೆ ಇನ್ನೊಬ್ಬರು ಊದು. ಸೂಜಿಯಕ್ಕನ ಮೂಲೆಯಲ್ಲಿ ಊದಿದರೆ ಬೂದು ಬಣ್ಣದ ಸಣ್ಣ ಹುಡಿ ಹೊಗೆಯಂತೆ ಎದ್ದು, ಅವಳ ಮೂಗು ಹೊಕ್ಕು, ಮಿಕ್ಕದ್ದು ಊಟದ ಬೆಂಚಿನ ಮೇಲೆ ಕೂರುತ್ತಿತ್ತು.

ಒಮ್ಮೆ ಸುರಕ್ಷತೆಯ ವಿಷಯ ಹೇಳಿಕೊಡಲು ಹೊರಗಿನಿಂದ ಒಬ್ಬರು ಬಂದರು. ಚಿಕ್ಕ ವಯಸ್ಸಿನವರು, ಎಲ್ಲರೂ ಅವರನ್ನು ಸೇಫ್ಟಿ ಮೇಡಂ ಎಂದರು. ಅವರು ಕೈಯಲ್ಲಿ ಹಿಡಿದಿದ್ದ ಪುಟ್ಟ ಮೀಟರನ್ನು ಕೆಂಪು ತಲೆಯ ಸೂಜಿಗಳ ಡಬ್ಬಿಯ ಹತ್ತಿರ ತಂದಾಗ ಅದು ಟಿಕ್ ಟಿಕ್ ಎಂದಿತು. ಗ್ರೈಂಡರಿನ ಕೆಳಗೆ ಬಿದ್ದ ಹುಡಿಯ ಹತ್ತಿರ ತಂದಾಗ ಟಿಕ್ಕುಗಳು ಇನ್ನಷ್ಟು ಒತ್ತಾದವು.

“ಈ ಸೂಜೀಲಿ ಥೋರಿಯಂ ಅಂತ ಸ್ವಲ್ಪ ಬೆರೆಸಿರ್ತಾರೆ. ಅದು ಸಣ್ಣಗೆ ವಿಕಿರಣ ಸೂಸ್ತಾ ಇರುತ್ತೆ” ಎಂದು ಮೇಡಂ ವಿವರಿಸಿದರು. “ಕಡ್ಡಿ ಕೈಯಲ್ಲಿ ಹಿಡಿದ್ರೆ ಏನೂ ಆಗಲ್ಲ. ಉಜ್ಜುವಾಗ ಏಳೋ ಹುಡಿ ಉಸಿರಲ್ಲಿ ಹೋಗಿ ಎದೆಯೊಳಗೆ ಕೂತ್ಕೋಬಾರದು. ಒಳಗೆ ಕೂತ್ರೆ ಅದು ಅಲ್ಲಿಂದಾನೇ ಕೆಲಸ ಮಾಡುತ್ತೆ. ಹೆದರ್ಕೋಬೇಡಿ. ಸಲಿಗೇನೂ ಕೊಡಬೇಡಿ.”

“ಅಂದ್ರೆ ಏನ್ ಮಾಡ್ಬೇಕು ಮೇಡಂ?” ಎಂದಳು ಸೂಜಿಯಕ್ಕ.

“ಊದಬೇಡಿ. ಪೊರಕೆ ಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಸಮೇತ ಮುಚ್ಚಳದ ಡಬ್ಬಿಗೆ ಹಾಕಿ. ಊಟಕ್ಕೆ ಮುಂಚೆ ಕೈ ಮುಖ ತೊಳೀರಿ. ಈ ಹುಡಿ ಎಳೆಯೋಕೆ ಅಂತಲೇ ಒಂದು ಮಷಿನು ಬೇಕು. ಯಜಮಾನರಿಗೆ ಹೇಳಿ ತರಿಸ್ತೀನಿ.”

“ಊದೋದು ಬಿಟ್ರೆ ಸಂಜೆ ಆಯ್ತು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?” ಎಂದ ಒಬ್ಬ ಹಳೆಯ ವೆಲ್ಡರ್. ಮೇಡಂ ಸಮೇತ ಎಲ್ಲರೂ ನಕ್ಕರು.

ಮೇಸ್ತ್ರಿ ಆ ಹೊತ್ತಿಗೆ ಗೇಟಿನ ಹೊರಗೆ ಸಿಗರೇಟು ಸೇದುತ್ತಾ ಯಾರೊಂದಿಗೋ ಫೋನಿನಲ್ಲಿ ಹರಟುತ್ತಿದ್ದ. ಕೊನೆಯಲ್ಲಿ ಬಂದು ಸಹಿ ಹಾಕಿ ಹೋದ.

ಮಷಿನು ಬಂತು. ಚಕ್ರಗಳ ಮೇಲೆ ಓಡಾಡುವ ಡ್ರಮ್ಮು, ಉದ್ದನೆಯ ಸೊಂಡಿಲು. ಒಂದು ತೂತು ಗಾಳಿ ಎಳೆಯುತ್ತದೆ, ಹಿಂದಿನ ತೂತು ಹೊರಗೆ ಬಿಡುತ್ತದೆ. ಒಳಗಿನ ಚೀಲ ಹುಡಿಯನ್ನು ಹಿಡಿದುಕೊಳ್ಳುತ್ತದೆ. ಯಜಮಾನರು ಮೇಡಂ ಹೇಳಿದ್ದನ್ನು ಬಿಟ್ಟು ಅಗ್ಗದ್ದನ್ನು ತರಿಸಿದ್ದರು. ಮೇಡಂ ಮುಖ ಗಂಟು ಹಾಕಿದರೂ, ಇಲ್ಲದ್ದಕ್ಕಿಂತ ವಾಸಿ ಎಂದು, ‘ಈ ಮೂಲೆ ಬಿಟ್ಟು ಬೇರೆಲ್ಲೂ ಬಳಸಕೂಡದು, ಚೀಲ ಬಿಚ್ಚಕೂಡದು’ ಎಂಬ ಹಳದಿ ಚೀಟಿಯೊಂದನ್ನು ಅದರ ಹೊಟ್ಟೆಯ ಮೇಲೆ ಅಂಟಿಸಿ ಹೋದರು.

ಇಷ್ಟು ದಿನ ತಾನು ಉಸಿರಾಡಿದ್ದು ಏನೆಂದು ಆಗ ಸೂಜಿಯಕ್ಕನಿಗೆ ಅರ್ಥವಾಯಿತು. ತನ್ನನ್ನು ಆ ಮೂಲೆಯಲ್ಲಿ ಕೂರಿಸಿದಾಗ ಮೇಸ್ತ್ರಿಗೆ ಇದೆಲ್ಲ ಗೊತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಕೂರಿಸುತ್ತಿದ್ದ ಎಂಬುದೂ ಗೊತ್ತಿತ್ತು. ಕೆಂಡದ ಮೇಲೆ ಇನ್ನೊಂದು ಹಿಡಿ ಇದ್ದಿಲು ಬಿತ್ತು.

ಕೆಲವು ತಿಂಗಳ ನಂತರ ತಂಗಿ ಮತ್ತು ಮೇಸ್ತ್ರಿ ದೊಡ್ಡ ರಸ್ತೆಯ ಪಕ್ಕದ ಹೊಸ ಬಾಡಿಗೆ ಮನೆಗೆ ಹೋದರು. ಲಾರಿಗಳ ಧೂಳು. ತಂಗಿ ದಿನಾ ಗೊಣಗುತ್ತಿದ್ದಳು. ಒಂದು ಶನಿವಾರ ಸಂಜೆ ಮೇಸ್ತ್ರಿ ಮೂಲೆಗೆ ಬಂದು ಮಷಿನಿನ ಬೆನ್ನು ತಟ್ಟಿದ.

“ಇದನ್ನ ಭಾನುವಾರಕ್ಕೆ ಮನೆಗೆ ಒಯ್ತೀನಿ. ಇಲ್ಲಿ ಸುಮ್ನೆ ಬಿದ್ದಿರುತ್ತೆ. ನಿನ್ನ ತಂಗಿ ಧೂಳು ಧೂಳು ಅಂತ ನನ್ನ ಪ್ರಾಣ ತಿಂತಾಳೆ.”

ಸೂಜಿಯಕ್ಕ ತಲೆ ಎತ್ತಿದಳು. ಹೇಳಲು ಬೇಕಿದ್ದದ್ದು ಒಂದೇ ಮಾತು. ಚೀಲ ತುಂಬಿದೆ, ಒಂದು ಬದಿ ಹರಿದೂ ಇದೆ, ಮುಟ್ಟಬೇಡ. ಅದು ನಾಲಿಗೆಯ ತುದಿಗೆ ಬಂತು. ಅವನು ಅಷ್ಟರಲ್ಲಿ ಚಿಟಿಕೆ ಹೊಡೆದ. “ಬೇಗ ಬೇಗ. ವೈರ್ ಸುತ್ತಿ ಕೊಡು. ಯೋಚನೆ ಮಾಡೋಕೆ ಯಾರೂ ಸಂಬಳ ಕೊಡಲ್ಲ.”

ಅವಳು ನಾಲಿಗೆಯನ್ನು ಒಳಗೆ ಎಳೆದುಕೊಂಡಳು. ವೈರನ್ನು ಅಚ್ಚುಕಟ್ಟಾಗಿ ಸುತ್ತಿದಳು. ಅವನು ಗಾಡಿ ತರಲು ಹೋದಾಗ, ಆ ಹಳದಿ ಚೀಟಿಯ ಅಂಚಿಗೆ ಉಗುರು ಹಾಕಿ ನಿಧಾನವಾಗಿ ಕಿತ್ತು, ಮಡಚಿ, ಒದ್ದೆ ಬಟ್ಟೆಗಳ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು.

ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು. ಬಹಳ ದಿನಗಳ ಮೇಲೆ ಬಂದ ನಿದ್ದೆ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುತ್ತಾ ಒಬ್ಬಳೇ ಮುಗುಳ್ನಕ್ಕಳು. ನಾನು ಮೂಗಿಗೆ ಎಳೆದುಕೊಂಡದ್ದನ್ನು ಅವನೂ ಎಳೆದುಕೊಳ್ಳಲಿ. ದಿಂಬಿನ ಮೇಲೆ ಕೂತಿರಲಿ, ತಟ್ಟೆಯ ಮೇಲೆ ಕೂತಿರಲಿ. ಮಾಡಿದ್ದುಣ್ಣೋ ಮಹಾರಾಯ. ಆ ಮನೆಯಲ್ಲಿ ಇನ್ನೊಬ್ಬಳು ಇದ್ದಾಳೆ ಎಂಬುದು ಸಿಟ್ಟಿಗೆ ಕಾಣಲಿಲ್ಲ. ಸಿಟ್ಟಿಗೆ ಕಾಣುವುದು ಒಂದೇ ಮುಖ.

ಮಧ್ಯಾಹ್ನ ಫೋನ್ ಬಂತು.

“ಅಕ್ಕಾ, ಎಂಥಾ ಮಷಿನೇ ಇದು!” ತಂಗಿ ನಗುತ್ತಿದ್ದಳು. “ಎಳೆಯೋಕೆ ಅಂತ ತಂದ್ರೆ ಇವ್ರು ಪೈಪನ್ನ ಹಿಂದಿನ ತೂತಿಗೆ ಸಿಕ್ಕಿಸಿ ಹಾಸಿಗೆ ಊದಿದ್ರು. ‘ನಮ್ಮ ಶೆಡ್ಡಲ್ಲಿ ಹೀಗೇ ಕ್ಲೀನ್ ಮಾಡೋದು’ ಅಂತ ಜಂಬ ಬೇರೆ. ಕೋಣೆ ತುಂಬಾ ಬೂದಿ ಥರ ಹುಡಿ. ಊದಿದ್ದೇ ಊದಿದ್ದು, ಈಗ ಕ್ಷೌರಕ್ಕೆ ಹೋಗಿದ್ದಾರೆ. ನಾನು ಪೊರಕೆ ಹಿಡ್ಕೊಂಡು ನಿಂತಿದ್ದೀನಿ.”

ಸೂಜಿಯಕ್ಕ ಎದ್ದು ನಿಂತಳು.

“ಪೊರಕೆ ಕೆಳಗಿಡು.”

“ಏನು?”

“ಪೊರಕೆ ಕೆಳಗಿಡೇ! ಫ್ಯಾನ್ ಆರಿಸು. ಕೋಣೆ ಬಾಗಿಲು ಹಾಕು. ಕೈ ಮುಖ ತೊಳ್ಕೊಂಡು, ಬಟ್ಟೆ ಬದಲಾಯಿಸಿ ಮೆಟ್ಟಿಲ ಮೇಲೆ ಕೂತಿರು. ಬರ್ತೀನಿ.”

ದಾರಿಯಲ್ಲೇ ಸೇಫ್ಟಿ ಮೇಡಂಗೆ ಫೋನ್ ಮಾಡಿದಳು. ಭಾನುವಾರವಾದರೂ ಅವರು ಎತ್ತಿದರು. “ಆಸ್ಪತ್ರೆಗೆ ಓಡೋ ವಿಷಯ ಅಲ್ಲ. ಹುಡಿ ಸ್ವಲ್ಪವೇ ಇರುತ್ತೆ, ಒಂದು ದಿನದ ಮಾತು. ಗಾಬರಿ ಬೇಡ. ಆದ್ರೆ ಮತ್ತೆ ಗಾಳಿಗೆ ಏಳಬಾರದು. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್. ಒದ್ದೆ ಬಟ್ಟೆ, ಒಂದೇ ದಿಕ್ಕಿಗೆ ಒರೆಸೋದು, ಮಡಚೋದು, ಒರೆಸೋದು. ಹಾಸಿಗೆ ಹೊದಿಕೆ ಕೊಡವದೆ ಸುರುಳಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಡಿ. ಮಷಿನನ್ನೂ ಕಟ್ಟಿ. ನಾಳೆ ಮೀಟರ್ ತರ್ತೀನಿ. ಒಂದ್ಸಲ ಸರಿಯಾಗಿ ಒರೆಸಿದ್ರೆ ಸಾಕು.” ಆಮೇಲೆ ಕೇಳಿದರು: “ಚೀಟಿ ಅಂಟಿಸಿದ್ನಲ್ಲ, ಓದ್ಲಿಲ್ವಾ ಅವರು?”

ಸೂಜಿಯಕ್ಕ, “ಬಸ್ಸು ಬಂತು ಮೇಡಂ” ಎಂದು ಫೋನ್ ಇಟ್ಟಳು.

ತಂಗಿ ಮೆಟ್ಟಿಲ ಮೇಲೆ ಕೂತಿದ್ದಳು. ಅಂಗಡಿಯಿಂದ ತಂದ ಮಾಸ್ಕು, ಗ್ಲೌಸು, ಹಳೆಯ ಲುಂಗಿ ಹರಿದು ಮಾಡಿದ ಬಟ್ಟೆಗಳು, ಬಕೆಟ್ಟು, ಮುಚ್ಚಳದ ಡಬ್ಬಿ ಎಲ್ಲ ಸಿದ್ಧವಾಗುವ ಹೊತ್ತಿಗೆ ಮೇಸ್ತ್ರಿ ಬಂದ. ತಲೆಗೂದಲು ಹೊಸದಾಗಿ ಕತ್ತರಿಸಿ, ಮುಖಕ್ಕೆ ಪೌಡರ್ ಹಚ್ಚಿಸಿಕೊಂಡು ಬಂದಿದ್ದ.

“ಏನು ಅತ್ತಿಗೆ, ಇದ್ದಕ್ಕಿದ್ದ ಹಾಗೆ?”

ಸೂಜಿಯಕ್ಕ ನಾಲ್ಕು ಮಾತಿನಲ್ಲಿ ವಿಷಯ ಹೇಳಿದಳು. ಪೌಡರಿನ ಕೆಳಗೆ ಅವನ ಮುಖ ಬಣ್ಣ ಬದಲಾಯಿಸಿತು. ಒದ್ದೆ ಬಟ್ಟೆಯನ್ನು ಅವಳು ಅವನ ಕಡೆಗೆ ಚಾಚಿದಳು.

“ನಾನಾ?”

“ಊದಿದವರು ಯಾರು?”

ಅವನು ತಂಗಿಯ ಕಡೆ ನೋಡಿದ. ತಂಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇರೆ ಕಡೆ ನೋಡಿದಳು. ಅವನು ಮೊಣಕಾಲೂರಿದ.

ಸೂಜಿಯಕ್ಕ ಮಾಸ್ಕ್ ಹಾಕಿಕೊಂಡು ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಳು. “ಹಾಗಲ್ಲ, ಉಜ್ಜಬೇಡಿ. ಎಳೀರಿ. ಮಡಚಿ. ಹಾಂ. ಮಂಚದ ಕೆಳಗೆ.” ಅವನು ಹೊಟ್ಟೆಯ ಮೇಲೆ ತೆವಳಿ ಮಂಚದ ಕೆಳಗೆ ಹೋದ. “ಆ ಮೂಲೆ. ಅಲ್ಲಲ್ಲ, ಆ ಕಡೆ.” ಚಿಟಿಕೆ ಹೊಡೆಯಬೇಕು ಎನಿಸಿತು. ಗ್ಲೌಸ್ ಹಾಕಿದ ಕೈಯಲ್ಲಿ ಚಿಟಿಕೆ ಬರಲಿಲ್ಲ. ಅದೊಂದು ಕೊರಗು ಉಳಿಯಿತು.

ನೆಲ, ಕಿಟಕಿಯ ಅಂಚು, ಕಪಾಟಿನ ಮೇಲ್ಭಾಗ, ಬಾಗಿಲ ಹಿಡಿಕೆ. ಬಟ್ಟೆಗಳು ಡಬ್ಬಿ ಸೇರಿದವು. ಎದ್ದು ನಿಂತು ಸೊಂಟ ಹಿಡಿದುಕೊಂಡ ಮೇಸ್ತ್ರಿ, “ಆಯ್ತು” ಎಂದ.

“ಇನ್ನೊಂದ್ಸಲ.”

“ಮೇಡಂ ಎರಡು ಸಲ ಅಂದ್ರಾ?”

“ಮೂರು ಅಂದ್ರು” ಎಂದಳು ಸೂಜಿಯಕ್ಕ, ಕಣ್ಣು ಮಿಟುಕಿಸದೆ.

ಎರಡನೆಯ ಸಲ ಅರ್ಧ ಕೋಣೆ ಮುಗಿಯುವ ಹೊತ್ತಿಗೆ ಅವನ ಸಹನೆ ಮುಗಿಯಿತು. ಬಟ್ಟೆ ಬಕೆಟ್ಟಿಗೆ ಎಸೆದು ಹೆಂಡತಿಯ ಕಡೆ ತಿರುಗಿದ. “ಕೇಳಿಲ್ಲಿ. ನಿನ್ನ ಅಕ್ಕನಿಗೆ ಎಲ್ಲಾ ಗೊತ್ತಿತ್ತು. ಮಷಿನು ಕೊಡುವಾಗ ಬಾಯಿ ಬಿಡ್ಲಿಲ್ಲ. ಅದರ ಮೇಲೆ ಏನೂ ಬರೆದಿರ್ಲಿಲ್ಲ, ನನಗೇನು ಕನಸು ಬೀಳುತ್ತಾ?”

“ಬರೆದಿತ್ತು” ಎಂದಳು ಸೂಜಿಯಕ್ಕ. “ನಾನೇ ಕಿತ್ತೆ.”

ಮೆಟ್ಟಿಲ ಮೇಲಿದ್ದವಳು ಎದ್ದು ಒಳಗೆ ಬಂದಳು. ಅಕ್ಕನ ಮುಖ ನೋಡಿದಳು. “ನಾನು ಮಲಗೋ ಹಾಸಿಗೆ ಕಣೇ ಅದು.”

ಸೂಜಿಯಕ್ಕ ಕುರ್ಚಿಯಿಂದ ಎದ್ದಳು. “ಅವರ ಮುಖ ಕಂಡ್ತು, ನಿನ್ನದು ಕಾಣ್ಲಿಲ್ಲ” ಎಂದಳು. “ತಪ್ಪೇ. ಬಯ್ಯಿ. ಹೊಡಿ ಬೇಕಾದ್ರೆ.”

“ಯಾಕೆ? ಅಷ್ಟು ಸಿಟ್ಟು ಯಾಕೆ? ಇವ್ರು ನಿನಗೇನು ಮಾಡಿದ್ದಾರೆ?”

ಮೇಸ್ತ್ರಿ ಬೇಗ ಬೇಗ ಬಟ್ಟೆ ಹಿಂಡತೊಡಗಿದ. ಈಗ ಮೂರನೆಯ ಸಲವೂ ಒರೆಸಲು ಸಿದ್ಧನಾಗಿದ್ದ.

ಸೂಜಿಯಕ್ಕ ಹೇಳಿದಳು. ಟ್ಯಾಂಕು, ತೂತು, ಹದಿನಾಲ್ಕು, ಅಲೆ, ನಡುಗುವ ಕೈ. ಕಣ್ಣಿಗೆ ಸುಸ್ತು ಎಂದದ್ದು ಸುಳ್ಳು ಎಂಬುದನ್ನೂ ಹೇಳಿದಳು. ತಂಗಿ ಅಳುತ್ತಾಳೆ ಎಂದುಕೊಂಡಿದ್ದಳು. ತಂಗಿ ಅಳಲಿಲ್ಲ. ಔಷಧಿ ಅಂಗಡಿಗೆ ದಿನಾ ಸುಳ್ಳು ಚೀಟಿ ತಂದು ಮಾತ್ರೆ ಕೇಳುವವರನ್ನು ನೋಡುವ ಕಣ್ಣಿನಿಂದ ಗಂಡನನ್ನು ನೋಡಿದಳು.

“ಆ ವೆಲ್ಡಿಂಗ್ ನಿಮ್ದಾ?”

“ಅದು... ಆವತ್ತು ನಂಗೆ ಜ್ವರ ಇತ್ತು...”

“ನಿಮ್ದಾ, ಅಲ್ವಾ?”

“ಹೊಸದಾಗಿ ಮೇಸ್ತ್ರಿ ಆಗಿದ್ದೆ ಕಣೇ. ನಂದು ಅಂತ ಗೊತ್ತಾಗಿದ್ರೆ ಆವತ್ತೇ ಇಳಿಸ್ತಿದ್ರು. ಅತ್ತಿಗೆಗೆ ಹೇಗಿದ್ರೂ ಹಳೇ ಹೆಸರಿದೆ, ತಡ್ಕೋತಾರೆ ಅಂದ್ಕೊಂಡೆ.”

“ಒರೆಸಿ” ಎಂದಳು ತಂಗಿ. “ಒರೆಸಿ ಮುಗಿಸಿ. ನಾಳೆ ನಾನೂ ಶೆಡ್ಡಿಗೆ ಬರ್ತೀನಿ. ಇದೇ ಮಾತು ಯಜಮಾನರ ಮುಂದೆ ಹೇಳ್ತೀರಿ. ಹೇಳದಿದ್ರೆ ನಾನು ಹೇಳ್ತೀನಿ, ಆಮೇಲೆ ನೀವು ಇರೋ ಕಡೆ ನಾನಿರಲ್ಲ.” ಅಕ್ಕನ ಕಡೆ ತಿರುಗಿದಳು. “ನೀನೂ ಸುಮ್ನಿರು. ನಿನ್ನ ಜೊತೆಗೂ ನಾನು ಮಾತು ಬಿಟ್ಟಿದ್ದೀನಿ.”

ಸೋಮವಾರ ಬೆಳಿಗ್ಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿದ ಮಷಿನು ಯಜಮಾನರ ಕೋಣೆಯ ಮುಂದೆ ಬಂದು ಕೂತಿತು. ಸೇಫ್ಟಿ ಮೇಡಂ ಮೊದಲು ತಂಗಿಯ ಮನೆಗೆ ಹೋಗಿ ಮೀಟರ್ ಹಿಡಿದು ನೋಡಿ ಬಂದಿದ್ದರು. ಕೋಣೆ ಚೊಕ್ಕವಾಗಿದೆ, ಹೊದಿಕೆಗಳನ್ನು ಮಾತ್ರ ನಾನೇ ಒಯ್ಯುತ್ತೇನೆ ಎಂದರು. “ಇಷ್ಟು ಚೆನ್ನಾಗಿ ಯಾರು ಒರೆಸಿದ್ದು?” ಎಂದು ಕೇಳಿದರು. ಮೇಸ್ತ್ರಿ ಸೊಂಟ ಉಜ್ಜಿಕೊಂಡ. ಚೀಟಿಯ ಕಥೆ ತಿಳಿದಾಗ ಅವರು ಸೂಜಿಯಕ್ಕನನ್ನು ಪಕ್ಕಕ್ಕೆ ಕರೆದು ಮೆಲ್ಲನೆ, ಆದರೆ ಚರ್ಮ ಸುಲಿಯುವಂತೆ ಬೈದರು. ಸೂಜಿಯಕ್ಕ ತಲೆ ತಗ್ಗಿಸಿ ಬೈಸಿಕೊಂಡಳು. ಆಮೇಲೆ ಯಜಮಾನರ ಸರದಿ. ಕೆಂಪು ತಲೆಯದು ಇನ್ನು ಬೇಡ, ಥೋರಿಯಂ ಇಲ್ಲದ ಸೂಜಿ ಸಿಗುತ್ತದೆ, ಅದನ್ನು ತರಿಸಿ. ಸರಿಯಾದ ಮಷಿನು ಬರುವವರೆಗೆ ಗ್ರೈಂಡರ್ ತಿರುಗಕೂಡದು.

“ಗ್ರೈಂಡರ್ ತಿರುಗದಿದ್ರೆ ವೆಲ್ಡಿಂಗ್ ಹೇಗೆ ಮೇಡಂ?” ಎಂದು ಯಜಮಾನರು ಕೂಗಾಡಿ, ಕೂಗಾಟ ಮೇಡಂಗೆ ತಾಗದಿದ್ದಾಗ ಮೇಸ್ತ್ರಿಯ ಮೇಲೆ ಹಾರಿದರು. “ನಿಂಗೆ ಯಾರೋ ಮಷಿನು ಮನೆಗೆ ಒಯ್ಯಿ ಅಂದಿದ್ದು?”

ಅಲ್ಲೇ ನಿಂತಿದ್ದ ತಂಗಿ ಒಮ್ಮೆ ಕೆಮ್ಮಿದಳು. ಮೇಸ್ತ್ರಿ ಬಾಯಿ ಬಿಟ್ಟ. ತುಂಡು ತುಂಡಾಗಿ, ನೆಲ ನೋಡುತ್ತಾ, ಟ್ಯಾಂಕಿನ ವಿಷಯವನ್ನೂ ಹೇಳಿದ.

ಯಜಮಾನರಿಗೆ ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಮೇಸ್ತ್ರಿಯ ಗಂಟಲೂ ಬೇಕು, ಅಕ್ಕನ ಕೈಯೂ ಬೇಕು. “ಹೋಗ್ಲಿ ಬಿಡಮ್ಮ, ಹಳೇ ಕಥೆ. ಮನೆ ಜಗಳ ಮನೇಲಿ ಇರ್ಲಿ. ನಾಳೆಯಿಂದ ಟಾರ್ಚ್ ತಗೋ, ಯಾರು ಬೇಡ ಅಂದ್ರು? ಹಿಂದೆ ಬಿದ್ದಿರೋ ಆ ಟ್ಯಾಂಕನ್ನೂ ಒಮ್ಮೆ ನೋಡು. ಇಬ್ಬರು ತೇಪೆ ಹಾಕಿದ್ರು, ಪಕ್ಕದಲ್ಲೇ ಮತ್ತೆ ಸೋರುತ್ತೆ.”

“ನೋಡ್ತೀನಿ” ಎಂದಳು ಸೂಜಿಯಕ್ಕ. “ಮೊದ್ಲು ಅದರ ಮೇಲಿರೋ ನನ್ನ ನಂಬರ್ ತೆಗೆದು, ಯಾರದೋ ಅವರ ನಂಬರ್ ಹೊಡೀಲಿ. ಅವರ ಕೈಯಿಂದಾನೇ. ಎಲ್ಲಾ ನೋಡ್ತಾ ಇರುವಾಗ.”

“ಅದರಿಂದ ನಿನಗೇನಮ್ಮ ಸಿಗುತ್ತೆ?”

“ಸಿಗೋದನ್ನ ನಂಗೆ ಬಿಡಿ.”

ಹಿತ್ತಲಿನಲ್ಲಿ ಟ್ಯಾಂಕ್ ಮಗುಚಿ ಬಿದ್ದಿತ್ತು. ಕೆಲಸ ನಿಂತಿದ್ದರಿಂದ ನೋಡಲು ಎಲ್ಲರಿಗೂ ಪುರುಸೊತ್ತಿತ್ತು. ಹಿಂದೆ ನಕ್ಕಿದ್ದ ನಾಲ್ವರನ್ನು ಸೂಜಿಯಕ್ಕ ತಾನೇ ಕರೆದು ಮುಂದೆ ನಿಲ್ಲಿಸಿದಳು. “ಬನ್ನಿ, ಇಲ್ಲಿಂದ ಚೆನ್ನಾಗಿ ಕಾಣುತ್ತೆ.” ಮೇಸ್ತ್ರಿ ಉಳಿ ಹಿಡಿದು ಹದಿನಾಲ್ಕರ ಮೇಲೆ ಅಡ್ಡ ಗೀಟು ಕಡಿದ. ಅದರ ಪಕ್ಕದಲ್ಲಿ ತನ್ನ ಒಂಬತ್ತರ ಅಚ್ಚು ಇಟ್ಟು ಸುತ್ತಿಗೆ ಎತ್ತಿದ. ಅಚ್ಚು ಜಾರಿತು. ಸ್ಟೀಲಿನ ಮೇಲೆ ಅರ್ಧ ಸೊನ್ನೆಯಂಥದೇನೋ ಮೂಡಿತು.

ಸೂಜಿಯಕ್ಕ ಬಗ್ಗಿ ನೋಡಿದಳು. “ಓದೋಕೆ ಆಗಲ್ಲ. ಇನ್ನೊಂದ್ಸಲ.”

ಅವನು ಹೊಡೆದ. ಟ್ಯಾಂಕು ಗಂಟೆಯಂತೆ ಮೊಳಗಿತು.

“ತಲೆಕೆಳಗಾಗಿದೆ. ಆರು ಅನ್ಕೋತಾರೆ. ಆರನೇ ನಂಬರ್ ಪಾಪ, ರಿಟೈರ್ ಆಗಿದ್ದಾರೆ.”

ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿಯ ಕುತ್ತಿಗೆ ಕೆಂಪಾಯಿತು. ಈ ಸಲ ಅವನು ಎರಡು ಕೈಯಿಂದ ಅಚ್ಚನ್ನು ಸರಿಮಾಡಿಟ್ಟು, ತುಟಿ ಕಚ್ಚಿ ಹೊಡೆದ. ಒಂಬತ್ತು ಆಳವಾಗಿ, ಸ್ಪಷ್ಟವಾಗಿ ಕೂತಿತು. ಸೂಜಿಯಕ್ಕ ಅದರ ಮೇಲೆ ಎಡಗೈಯ ಹೆಬ್ಬೆರಳು ಆಡಿಸಿ ನೋಡಿ, “ಹಾಂ” ಎಂದಳು.

ಹೊಸ ಸೂಜಿಗಳು ಬಂದ ದಿನ ಅವಳು ಆ ಟ್ಯಾಂಕಿಗೆ ಕೂತಳು. ಮೇಸ್ತ್ರಿಯ ಬೆಸುಗೆಯನ್ನು ಪೂರ್ತಿ ಕಡಿದು ತೆಗೆದು ಹೊಸದಾಗಿ ಬೆಸೆದಳು. ನೀರು ತುಂಬಿಸಿ ನಿಲ್ಲಿಸಿದರು, ತೇವವೂ ಕಾಣಲಿಲ್ಲ. ಒಂಬತ್ತನ್ನು ಮಾತ್ರ ಅವಳು ಉಜ್ಜಲು ಬಿಡಲಿಲ್ಲ. ತನ್ನ ಹೊಸ ಹದಿನಾಲ್ಕನ್ನು ಅದರಿಂದ ಒಂದು ಗೇಣು ದೂರದಲ್ಲಿ ಹೊಡೆದಳು. ಟ್ಯಾಂಕು ಎರಡೂ ನಂಬರ್ ಹೊತ್ತುಕೊಂಡು ಲಾರಿ ಹತ್ತಿತು.

ಮೇಸ್ತ್ರಿ ಮೇಸ್ತ್ರಿಯಾಗಿಯೇ ಉಳಿದ. ಯಜಮಾನರು ಅಂಥವರೇ. ಆದರೆ ಅವನೀಗ ಯಾರನ್ನೂ ಚಿಟಿಕೆ ಹೊಡೆದು ಕರೆಯುವುದಿಲ್ಲ. ಸಂಜೆ ಗಂಟೆಯಾದಾಗ ಯಾರಾದರೂ ಮರೆತು ಗಾಳಿ ಪೈಪಿಗೆ ಕೈ ಹಾಕಿದರೆ, “ಮೇಸ್ತ್ರಿ ಮನೆ ನೆನಪಿರ್ಲಿ!” ಎಂದು ಇನ್ನೊಬ್ಬರು ಕೂಗುತ್ತಾರೆ, ಅವನು ಕೇಳಿಸದವನಂತೆ ನಡೆದುಹೋಗುತ್ತಾನೆ.

ತಂಗಿ ಬಹಳ ದಿನ ಮಾತು ಬಿಟ್ಟಿದ್ದಳು. ಕೊನೆಗೊಂದು ದಿನ ಅಕ್ಕನ ಮನೆಗೆ ಬಂದು, ನೀರು ಕುಡಿದು, ಲೋಟ ಹಿಡಿದೇ ಕೇಳಿದಳು: “ಈಗಾದ್ರೂ ಇಳೀತಾ ನಿನ್ನ ಸಿಟ್ಟು?”

ತಂಗಿಗೆ ಇನ್ನೊಂದು ಸುಳ್ಳು ಹೇಳಲು ಅಕ್ಕನಿಗೆ ಮನಸ್ಸು ಬರಲಿಲ್ಲ.

“ಇಲ್ಲ” ಎಂದಳು.

“ಹಾಗಾದ್ರೆ ನಂಗೂ ಇಳಿದಿಲ್ಲ” ಎಂದಳು ತಂಗಿ. “ನಿಮ್ಮಿಬ್ಬರ ಮೇಲೂ.”

ಹಾಗೆಂದವಳು ಎದ್ದು ಹೋಗಲಿಲ್ಲ. ಲೋಟವನ್ನು ಮುಂದಕ್ಕೆ ಚಾಚಿ ಇನ್ನೊಂದಿಷ್ಟು ನೀರು ಕೇಳಿದಳು.